ಪದದ ಬಾಲ ಹಿಡಿದು ಅರ್ಥ ಬಿಡಿಸುವುದು: ಇಂಗ್ಲಿಷಿನ ಲ್ಯಾಟಿನ್ ಪ್ರತ್ಯಯಗಳ ಸಮಗ್ರ ಮಾರ್ಗದರ್ಶಿ

ನಮ್ಮ ಮನೆ ಹಳೇ ಬಾಗಲಕೋಟೆಯಲ್ಲಿತ್ತು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹೋಗುವ ಮನೆಗಳ ಪಟ್ಟಿಯಲ್ಲಿ ನಮ್ಮದೂ ಸೇರಿತು. ನವನಗರದಲ್ಲಿ ಸೈಟಿಗಾಗಿ ಅಪ್ಪ ಅರ್ಜಿ ಕೊಟ್ಟರು. ಕೆಲವು ದಿನದ ಮೇಲೆ ಉತಾರದ (ಆಸ್ತಿಯ ದಾಖಲೆ ಪತ್ರದ) ಝೆರಾಕ್ಸ್ ವಾಪಸ್ ಬಂತು. ಅದರ ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ ಒಂದೇ ಒಂದು ಇಂಗ್ಲಿಷ್ ಪದ ಇತ್ತು. ಮನೆಯಲ್ಲಿ ಇಂಗ್ಲಿಷ್ ಓದುವವನು ನಾನೊಬ್ಬನೇ, ಏಳನೇ ಇಯತ್ತೆ. "ಅಪ್ಪಾ, ಎಲಿಜಿಬಲ್ ಅಂತ ಬರದಾರ, ಅಂದ್ರ ನಾವು ಅರ್ಹರು" ಅಂದೆ. ಅವ್ವ ದೇವರ ಮುಂದೆ ಸಕ್ಕರೆ ಇಟ್ಟಳು.

ಒಂದೂವರೆ ತಿಂಗಳು ಕಾದೆವು. ಏನೂ ಬರಲಿಲ್ಲ. ಕೊನೆಗೆ ಪಕ್ಕದ ಮನೆಯ ಕಾಕಾ ಆ ಕಾಗದ ನೋಡಿದರು. "ತಮ್ಮಾ, ಇದು ಎಲಿಜಿಬಲ್ ಅಲ್ಲೋ, ಇಲ್ಲೆಜಿಬಲ್. ಝೆರಾಕ್ಸ್ ಮಸುಕ್ ಆಗೇತಿ, ಓದಾಕ ಬರೂದಿಲ್ಲ, ಬ್ಯಾರೆ ತರ್ರಿ ಅಂತ ಬರದಾರ" ಅಂದರು. ಅಪ್ಪ ನನ್ನನ್ನು ಬೈಯಲಿಲ್ಲ. ಮರುದಿನ ಬೆಳಿಗ್ಗೆ ಹೊಸ ಝೆರಾಕ್ಸ್ ತೆಗೆಸಿಕೊಂಡು ಹೋದರು. ಅವರು ಸೈಕಲ್ ಹತ್ತಿ ಹೋದದ್ದು ಇವತ್ತಿಗೂ ನನಗೆ ನೆನಪಿದೆ.

ಈಗ ನಾನು ಸಂಜೆ ಹೊತ್ತು ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಮೊದಲ ದಿನ ಬೋರ್ಡಿನ ಮೇಲೆ ಬರೆಯುವುದು ಈ ಎರಡು ಪದಗಳನ್ನೇ. ಎರಡಕ್ಕೂ ಒಡಲು (ಮೂಲ ಪದ) ಒಂದೇ, ಬಾಲವೂ (ಕೊನೆಯ ಪ್ರತ್ಯಯ) ಒಂದೇ, ತಲೆ (ಮುಂದೆ ಅಂಟಿದ ಭಾಗ) ಮಾತ್ರ ಬೇರೆ. ಲ್ಯಾಟಿನ್‌ನಲ್ಲಿ ಲೆಗೆರೆ ಅಂದರೆ ಆರಿಸು, ಓದು. ಕೊನೆಯ ಐ-ಬಿ-ಎಲ್-ಇ ಅಂದರೆ 'ಆಗಬಲ್ಲ'. ಮುಂದೆ ಇ ಬಂದರೆ 'ಹೊರಗೆ ಆರಿಸಿ ತೆಗೆಯಬಲ್ಲ', ಅಂದರೆ ಅರ್ಹ. ಮುಂದೆ ಐ-ಎಲ್ ಬಂದರೆ 'ಓದಲಾಗದ'. ಇದನ್ನು ಏಳನೇ ಇಯತ್ತೆಯಲ್ಲಿ ಯಾರಾದರೂ ಹೇಳಿಕೊಟ್ಟಿದ್ದರೆ ನಮ್ಮ ಮನೆಯ ಒಂದೂವರೆ ತಿಂಗಳು ಉಳಿಯುತ್ತಿತ್ತು. ನಿಮ್ಮ ಮನೆಯಲ್ಲಿ ಹಾಗೆ ಆಗಬಾರದು. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಶುರು ಮಾಡುವ ಮುಂಚೆ

ಒಂದು ಇನ್ನೂರು ಪುಟದ ನೋಟ್‌ಬುಕ್, ಎರಡು ಬಣ್ಣದ ಪೆನ್ನು, ಒಂದು ಇಂಗ್ಲಿಷ್-ಕನ್ನಡ ನಿಘಂಟು ಸಾಕು. ಅಕ್ಷರಗಳ ಹೆಸರನ್ನು ಕನ್ನಡದಲ್ಲಿ ಬರೆಯುತ್ತಿರುವುದರಿಂದ ಒಂದು ಮಾತು ನೆನಪಿಡಿ. 'ಎ' ಅಂದರೆ ಇಂಗ್ಲಿಷಿನ ಮೊದಲ ಅಕ್ಷರ, 'ಇ' ಅಂದರೆ ಐದನೆಯದು, 'ಐ' ಅಂದರೆ ಒಂಬತ್ತನೆಯದು. ನಮ್ಮ ಮಕ್ಕಳ ಮುಕ್ಕಾಲು ಸ್ಪೆಲ್ಲಿಂಗ್ ತಪ್ಪು ಈ ಮೂರರ ನಡುವೆಯೇ ಆಗುತ್ತದೆ.

ಹೆಜ್ಜೆ 1: ಸಾಲ ತಂದ ಬಾಲ ಅಂದರೇನು, ಮೊದಲು ನಮ್ಮ ಮಾತಿನಲ್ಲಿ ನೋಡಿ

ತಹಶೀಲ್ದಾರ, ಜಮೀನ್ದಾರ, ಇನಾಮದಾರ. ಈ 'ದಾರ' ಕನ್ನಡದ್ದಲ್ಲ, ಫಾರಸಿಯದ್ದು. ವಿಜಯಪುರದಲ್ಲಿ 1490ರಿಂದ 1686ರವರೆಗೆ ಆದಿಲಶಾಹಿಗಳು ಆಳಿದರು. ಆಗ ಕಚೇರಿಯಲ್ಲಿ ಫಾರಸಿ ನಡೆಯುತ್ತಿತ್ತು. ಆ ಕಾಲದ ಕಚೇರಿ ಮಾತು ನಮ್ಮ ಭಾಗದಲ್ಲಿ ಊರಿನ ಮಾತೇ ಆಗಿಬಿಟ್ಟಿದೆ. ಪದಗಳು ಬಂದವು, ಜೊತೆಗೆ ಬಾಲವೂ ಬಂತು. ಆಮೇಲೆ ನಾವು ಆ ಬಾಲವನ್ನು ಕಿತ್ತು ನಮ್ಮ ಪದಗಳಿಗೇ ಅಂಟಿಸಿದೆವು. ಪಾಲುದಾರ, ಗುತ್ತಿಗೆದಾರ. ಪಾಲು ನಮ್ಮದು, ಗುತ್ತಿಗೆ ನಮ್ಮದು, ದಾರ ಅವರದು.

ಇಂಗ್ಲಿಷಿನಲ್ಲೂ ಹೀಗೇ ಆಯಿತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದರು. ಅವರದು ಫ್ರೆಂಚ್, ಅದು ಲ್ಯಾಟಿನ್‌ನ ಮಗಳು. ಕೋರ್ಟು, ಕಚೇರಿ, ಅರಮನೆ ಎಲ್ಲ ಕಡೆ ಫ್ರೆಂಚೇ ನಡೆಯಿತು. ಕೋರ್ಟಿನಲ್ಲಿ ವಾದವನ್ನು ಇಂಗ್ಲಿಷಿನಲ್ಲಿ ಮಾಡಬೇಕು ಅಂತ ಕಾನೂನು ಬಂದದ್ದೇ 1362ರಲ್ಲಿ. ಮುಂದೆ 16, 17ನೇ ಶತಮಾನದಲ್ಲಿ ಓದಿದವರು ನೇರವಾಗಿ ಲ್ಯಾಟಿನ್ ಪುಸ್ತಕಗಳಿಂದಲೇ ಪದ ತಂದು ತುಂಬಿದರು. ಅದಕ್ಕೇ ಇಂಗ್ಲಿಷಿನಲ್ಲಿ ಮನೆ ಮಾತೆಲ್ಲ ಗಿಡ್ಡ, ಕಚೇರಿ ಮಾತೆಲ್ಲ ಉದ್ದ. ಆ ಉದ್ದದ ಬಹುಪಾಲು ಲ್ಯಾಟಿನ್ ಬಾಲ.

ಇನ್ನೊಂದು ಉದಾಹರಣೆ ಮಕ್ಕಳಿಗೆ ಬಹಳ ಇಷ್ಟ. ನಾವು ದಿನಾ ಹತ್ತುವ ಬಸ್ಸು. ಅದರ ಪೂರ್ತಿ ಹೆಸರು ಆಮ್ನಿಬಸ್. ಲ್ಯಾಟಿನ್‌ನಲ್ಲಿ 'ಎಲ್ಲರಿಗೆ' ಅಂತ ಅರ್ಥ. ಆಮ್ನಿ ಅಂದರೆ ಎಲ್ಲ. ಬಸ್ ಅನ್ನುವುದು ನಮ್ಮ ಚತುರ್ಥಿ ವಿಭಕ್ತಿಯ 'ಗೆ' ಇದ್ದ ಹಾಗೆ, ಬರೀ ಪ್ರತ್ಯಯ. ಜನ ತಲೆಯನ್ನು ಬಿಟ್ಟು ಬಾಲವನ್ನಷ್ಟೇ ಉಳಿಸಿಕೊಂಡರು. ಬಸ್ ಸ್ಟ್ಯಾಂಡಿನಲ್ಲಿ ನಿಂತಾಗ ಇದನ್ನು ಒಮ್ಮೆ ಯೋಚಿಸಿ ನೋಡಿ, ಪ್ರತ್ಯಯದ ಪಾಠ ಮರೆಯುವುದೇ ಇಲ್ಲ.

ಹೆಜ್ಜೆ 2: ಉದ್ದ ಪದವನ್ನು ಹಿಂದಿನಿಂದ ಓದಿ

ಉದ್ದ ಪದ ಕಂಡರೆ ಮುಂದಿನಿಂದ ಓದಲು ಹೋಗಿ ಗಾಬರಿಯಾಗುತ್ತೇವೆ. ಹಾಗೆ ಮಾಡಬೇಡಿ. ಕೊನೆಯಿಂದ ಹಿಡಿಯಿರಿ. ನೋಟಿಫಿಕೇಷನ್ ತೆಗೆದುಕೊಳ್ಳಿ. ಕೊನೆಗೆ ಎ-ಟಿ-ಐ-ಓ-ಎನ್, ಅಂದರೆ 'ಮಾಡುವಿಕೆ'. ಅದರ ಹಿಂದೆ ಎಫ್-ಐ-ಸಿ, ಇದು ಲ್ಯಾಟಿನ್‌ನ ಫಾಕೆರೆ, ಅಂದರೆ ಮಾಡು. ಅದರ ಹಿಂದೆ ನೋಟ್, ಇಲ್ಲಿ 'ತಿಳಿದ' ಅನ್ನುವ ಅರ್ಥ. ಒಟ್ಟಿಗೆ ಸೇರಿಸಿದರೆ 'ತಿಳಿದಂತೆ ಮಾಡುವಿಕೆ', ಪ್ರಕಟಣೆ.

ಇದಕ್ಕೆ ಕನ್ನಡದಲ್ಲಿ ಅಚ್ಚುಕಟ್ಟಾದ ಜೋಡಿ ಇದೆ. ಅದೇ 'ಈಕರಣ'. ಪ್ಯೂರಿಫಿಕೇಷನ್ ಶುದ್ಧೀಕರಣ, ಸಿಂಪ್ಲಿಫಿಕೇಷನ್ ಸರಳೀಕರಣ, ಕ್ಲಾಸಿಫಿಕೇಷನ್ ವರ್ಗೀಕರಣ. ಕರಣ ಅಂದರೂ ಮಾಡುವುದೇ, ಫಿಕ್ ಅಂದರೂ ಮಾಡುವುದೇ. ಸಂಸ್ಕೃತದಿಂದ ನಾವು ತಂದದ್ದನ್ನು ಅವರು ಲ್ಯಾಟಿನ್‌ನಿಂದ ತಂದರು, ಅಷ್ಟೇ. ಹುಡುಗರಿಗೆ ಇದು ಹೊಳೆದ ಕ್ಷಣ ಮುಖ ಅರಳುವುದನ್ನು ನೋಡಬೇಕು.

ಹೆಜ್ಜೆ 3: 'ಷನ್' ಬಾಲ. ಇಲ್ಲಿ ಜಾಸ್ತಿ ದಿನ ಕೊಡಿ

ಕ್ರಿಯಾಪದವನ್ನು ನಾಮಪದ ಮಾಡುವ ಬಾಲ ಇದು. ನಮ್ಮ 'ವಿಕೆ' ಇದ್ದ ಹಾಗೆ. ಉಚ್ಚಾರ ಒಂದೇ ಥರ ಕೇಳಿದರೂ ಕೆಲವು ಕಡೆ ಟಿ-ಐ-ಓ-ಎನ್, ಕೆಲವು ಕಡೆ ಎಸ್-ಐ-ಓ-ಎನ್. ಮಕ್ಕಳು ಕೇಳುವ ಪ್ರಶ್ನೆಯೂ ಅದೇ: "ಸರ್, ಯಾವುದಕ್ಕ ಟಿ, ಯಾವುದಕ್ಕ ಎಸ್ ಅಂತ ಹೆಂಗ್ ಗೊತ್ತ್ ಮಾಡೂದ್ರಿ?"

ಕ್ರಿಯಾಪದದ ಕೊನೆಯನ್ನು ನೋಡಿ. ಕೊನೆಗೆ ಎ-ಟಿ-ಇ ಇದ್ದರೆ ಕಣ್ಣು ಮುಚ್ಚಿ ಟಿ ಬರೆಯಿರಿ. ಎಜುಕೇಟ್, ಎಜುಕೇಷನ್. ಡೊನೇಟ್, ಡೊನೇಷನ್. ಕೊನೆಗೆ ಎಫ್-ವೈ ಇದ್ದರೆ ಸಾಮಾನ್ಯವಾಗಿ ವೈ ಹೋಗಿ 'ಐಕೇಷನ್' ಬರುತ್ತದೆ, ಅಲ್ಲೂ ಟಿ. ವೆರಿಫೈ, ವೆರಿಫಿಕೇಷನ್. ಕೊನೆಗೆ ಡಿ ಅಥವಾ ಡಿ-ಇ ಇದ್ದರೆ ಸಾಮಾನ್ಯವಾಗಿ ಎಸ್. ಡಿಸೈಡ್, ಡಿಸಿಷನ್. ಡಿವೈಡ್, ಡಿವಿಷನ್. ಎಕ್ಸ್‌ಪ್ಯಾಂಡ್, ಎಕ್ಸ್‌ಪ್ಯಾನ್ಷನ್. ಇದಕ್ಕೆ ಹೊರತಾದವು ಅಟೆನ್ಷನ್, ಇಂಟೆನ್ಷನ್, ರೆಕಮೆಂಡೇಷನ್. ಇವನ್ನು ಬಾಯಿಪಾಠ ಮಾಡಿ. ಎಂ-ಐ-ಟಿ ಇದ್ದರೆ ಹೆಚ್ಚಿನ ಸಲ ಟಿ ಹೋಗಿ ಎರಡು ಎಸ್: ಪರ್ಮಿಟ್, ಪರ್ಮಿಷನ್, ಅಡ್ಮಿಟ್, ಅಡ್ಮಿಷನ್, ಸಬ್ಮಿಟ್, ಸಬ್ಮಿಷನ್.

ಇನ್ನು ಕೆಲವು ಪದಗಳಲ್ಲಿ ಒಡಲೇ ಬದಲಾಗುತ್ತದೆ. ಪ್ರಿಸ್ಕ್ರೈಬ್‌ನಲ್ಲಿ ಬಿ ಇದೆ, ಪ್ರಿಸ್ಕ್ರಿಪ್ಷನ್‌ನಲ್ಲಿ ಪಿ ಬಂತು. ರಿಸೀವ್‌ನಲ್ಲಿ ವಿ, ರಿಸೆಪ್ಷನ್‌ನಲ್ಲಿ ಪಿ. ಸಬ್‌ಮರ್ಜ್‌ನಲ್ಲಿ ಜಿ, ಸಬ್‌ಮರ್ಷನ್‌ನಲ್ಲಿ ಎಸ್. ಇದು ಸುಮ್ನೆ ಆದದ್ದಲ್ಲ. ಲ್ಯಾಟಿನ್‌ನಲ್ಲಿ ಈ ಬಾಲ ಅಂಟುತ್ತಿದ್ದದ್ದು ಧಾತುವಿನ ಭೂತಕಾಲದ ರೂಪಕ್ಕೆ. ಸ್ಕ್ರೀಬೆರೆ ಅಂದರೆ ಬರೆ, ಸ್ಕ್ರಿಪ್ಟುಸ್ ಅಂದರೆ ಬರೆದ. ನಮ್ಮಲ್ಲಿ ಕೊಡು ಕೊಟ್ಟ ಆಗುವುದಿಲ್ಲವಾ? ಬೀಳು ಬಿದ್ದ, ತರು ತಂದ ಆಗುವುದಿಲ್ಲವಾ? 'ಕೊಡಿದ' ಅಂತ ನಾವು ಯಾರೂ ಅನ್ನುವುದಿಲ್ಲ. ಹಾಗೇ ಅವರೂ 'ಪ್ರಿಸ್ಕ್ರೈಬೇಷನ್' ಅನ್ನಲಿಲ್ಲ. ಈ ಹೋಲಿಕೆ ಹೇಳಿದ ಮೇಲೆ ನನ್ನ ಕ್ಲಾಸಿನಲ್ಲಿ ಈ ತಪ್ಪು ತುಂಬಾ ಕಡಿಮೆಯಾಗಿದೆ.

ಒಂದು ಎಚ್ಚರಿಕೆ. ಎಲೆಕ್ಟ್ರಿಷಿಯನ್, ಟೆಕ್ನಿಷಿಯನ್, ಮ್ಯುಸಿಷಿಯನ್ ಇವು ಕೆಲಸ ಮಾಡುವ ಮನುಷ್ಯರು. ಇಲ್ಲಿ ಸಿ-ಐ-ಎ-ಎನ್. ಮನುಷ್ಯ ಅಂದರೆ ಸಿ, ಕೆಲಸ ಅಂದರೆ ಟಿ ಅಥವಾ ಎಸ್.

ಉಚ್ಚಾರಕ್ಕೂ ಈ ಬಾಲ ಸಹಾಯ ಮಾಡುತ್ತದೆ. ಷನ್‌ಗಿಂತ ಸರಿಯಾಗಿ ಹಿಂದಿನ ಭಾಗದ ಮೇಲೆ ಒತ್ತು ಬೀಳುತ್ತದೆ. ಎಜುಕೇಷನ್‌ನಲ್ಲಿ 'ಕೇ', ನೋಟಿಫಿಕೇಷನ್‌ನಲ್ಲೂ 'ಕೇ', ಪರ್ಮಿಷನ್‌ನಲ್ಲಿ 'ಮಿ'. ನಾವು ಕನ್ನಡದಲ್ಲಿ ಎಲ್ಲ ಭಾಗವನ್ನೂ ಸಮವಾಗಿ ಹೇಳುತ್ತೇವೆ. ಇಂಗ್ಲಿಷಿನಲ್ಲಿ ಒತ್ತು ತಪ್ಪಿದರೆ ಕೇಳುವವರಿಗೆ ಪದವೇ ಸಿಗುವುದಿಲ್ಲ. ಇಂಟರ್‌ವ್ಯೂಗೆ ಹೋಗುವ ಹುಡುಗರು ಇದನ್ನು ಗಟ್ಟಿಯಾಗಿ ಹೇಳಿ ರೂಢಿ ಮಾಡಿಕೊಳ್ಳಿ.

ಹೆಜ್ಜೆ 4: 'ಎಬಲ್' ಮತ್ತು 'ಇಬಲ್'

ನಮ್ಮ ಮನೆಯನ್ನು ಕಾಯಿಸಿದ ಬಾಲ ಇದೇ. ಲ್ಯಾಟಿನ್‌ನಲ್ಲಿ ಧಾತುಗಳಿಗೆ ಗುಂಪುಗಳಿದ್ದವು. ಒಂದು ಗುಂಪಿಗೆ ಎ, ಉಳಿದವುಗಳಿಗೆ ಐ. ಪೋರ್ಟಾರೆ ಅಂದರೆ ಹೊರು, ಅದರಿಂದ ಎ ಇರುವ ಪೋರ್ಟಬಲ್. ಔದೀರೆ ಅಂದರೆ ಕೇಳು, ಅದರಿಂದ ಐ ಇರುವ ಆಡಿಬಲ್. ಆ ಗುಂಪು ನಮಗೆ ಗೊತ್ತಿರುವುದಿಲ್ಲ. ಅದಕ್ಕೆ ಎರಡು ಪರೀಕ್ಷೆ ಮಾಡಿ.

ಮೊದಲನೆಯದು: ಬಾಲ ಕಿತ್ತ ಮೇಲೆ ಉಳಿದದ್ದು ಪೂರ್ತಿ ಇಂಗ್ಲಿಷ್ ಪದವಾ? ಹಾಗಿದ್ದರೆ ಹೆಚ್ಚಿನ ಸಲ ಎ. ಈಟಬಲ್, ವಾಷಬಲ್, ರೀಡಬಲ್. ರೀಡಬಲ್ ಮತ್ತು ಲೆಜಿಬಲ್ ಎರಡನ್ನೂ ಅಕ್ಕಪಕ್ಕ ಬರೆದು ನೋಡಿ. ಎರಡಕ್ಕೂ 'ಓದಬಲ್ಲ' ಅಂತಲೇ ಅರ್ಥ ಬರುತ್ತದೆ. ಒಂದು ಇಂಗ್ಲಿಷ್ ಒಡಲು, ಅದಕ್ಕೆ ಎ. ಇನ್ನೊಂದು ಲ್ಯಾಟಿನ್ ಒಡಲು, ಅದಕ್ಕೆ ಐ. ಈಟಬಲ್ ಮತ್ತು ಎಡಿಬಲ್ ಕೂಡ ಹಾಗೇ. ಈ ಈಟಬಲ್ ಇದೆಯಲ್ಲ, ಇದೇ ಅವರ ಗುತ್ತಿಗೆದಾರ. ಒಡಲು ಮನೆಯದು, ಬಾಲ ಹೊರಗಿನದು.

ಎರಡನೆಯದು: 'ಎ' ಜೊತೆ ಷನ್ ಬರುತ್ತದಾ? ಅಪ್ಲಿಕೇಷನ್ ಇದೆ, ಆದ್ದರಿಂದ ಅಪ್ಲಿಕಬಲ್‌ಗೆ ಎ. ವೇರಿಯೇಷನ್ ಇದೆ, ವೇರಿಯಬಲ್‌ಗೆ ಎ. ಎ ಇಲ್ಲದೆ ಬರೀ ಷನ್ ಬಂದರೆ ಐ. ಡಿವಿಷನ್, ಡಿವಿಸಿಬಲ್. ಪರ್ಮಿಷನ್, ಪರ್ಮಿಸಿಬಲ್. ವಿಷನ್, ವಿಸಿಬಲ್.

ಫ್ಲೆಕ್ಸಿಬಲ್, ರೆಸ್ಪಾನ್ಸಿಬಲ್, ಸೆನ್ಸಿಬಲ್, ಪ್ರಿಡಿಕ್ಟಬಲ್ ಈ ನಾಲ್ಕು ಒಂದಲ್ಲ ಒಂದು ಪರೀಕ್ಷೆಗೆ ಸಿಗುವುದಿಲ್ಲ. ಕೆಂಪು ಪೆನ್ನಿನಿಂದ ಬರೆದಿಡಿ. ತೀರಾ ಗೊತ್ತಾಗದಿದ್ದರೆ ಎ ಬರೆಯಿರಿ, ಯಾಕೆಂದರೆ ಈಗ ಹೊಸದಾಗಿ ಹುಟ್ಟುವ ಪದಗಳೆಲ್ಲ ಎ ಹಿಡಿದೇ ಹುಟ್ಟುತ್ತವೆ. ಡೌನ್‌ಲೋಡಬಲ್, ಕ್ಲಿಕ್ಕಬಲ್ ಹೀಗೆ. ಮತ್ತೆ ನೋಟಿಸಬಲ್, ಚೇಂಜಬಲ್ ಬರೆಯುವಾಗ ನಡುವಿನ ಇ ಬಿಡಬೇಡಿ. ಬಿಟ್ಟರೆ ಸಿ 'ಕ' ಆಗುತ್ತದೆ, ಜಿ 'ಗ' ಆಗುತ್ತದೆ.

ಹೆಜ್ಜೆ 5: ಮಾಡುವವನ ಬಾಲ

ಮತ್ತೆ ಬಸ್ಸಿಗೆ ಹತ್ತೋಣ. ಮುಂದೆ ಡ್ರೈವರ್, ಹಿಂದೆ ಕಂಡಕ್ಟರ್. ಕೇಳಿದರೆ ಎರಡೂ 'ಅರ್'. ಬರೆದರೆ ಡ್ರೈವರ್‌ಗೆ ಇ-ಆರ್, ಕಂಡಕ್ಟರ್‌ಗೆ ಓ-ಆರ್. ಡ್ರೈವ್ ಇಂಗ್ಲಿಷಿನ ಸ್ವಂತ ಪದ, ಅದಕ್ಕೆ ಮನೆಯ ಬಾಲ. ಕಂಡಕ್ಟ್ ಲ್ಯಾಟಿನ್‌ನದು, ಅದಕ್ಕೆ ಲ್ಯಾಟಿನ್ ಬಾಲ. ಇಲ್ಲೂ ಷನ್ ಪರೀಕ್ಷೆ ಕೆಲಸಕ್ಕೆ ಬರುತ್ತದೆ. ಕಲೆಕ್ಷನ್ ಇದೆ, ಕಲೆಕ್ಟರ್‌ಗೆ ಓ. ಇನ್‌ಸ್ಪೆಕ್ಷನ್ ಇದೆ, ಇನ್‌ಸ್ಪೆಕ್ಟರ್‌ಗೆ ಓ. ಆಪರೇಷನ್, ಆಪರೇಟರ್. ಟೀಚ್‌ಗೆ ಷನ್ ಇಲ್ಲ, ಟೀಚರ್‌ಗೆ ಇ. ಪ್ರೊಡ್ಯೂಸರ್, ಪ್ರಮೋಟರ್ ಥರದ ಕೆಲವು ಪದಗಳು ಷನ್ ಇದ್ದರೂ ಇ ಹಿಡಿಯುತ್ತವೆ.

ಡಾಕ್ಟರ್ ಪದದ ಮೂಲ ದೊಕೆರೆ, ಅಂದರೆ ಕಲಿಸು. ಡಾಕ್ಟರ್ ಅಂದರೆ ಮೊದಲು ಗುರು. ಪಿಎಚ್‌ಡಿ ಮಾಡಿದವರಿಗೆ ಡಾಕ್ಟರ್ ಅನ್ನುವುದು ಆ ಹಳೆಯ ಅರ್ಥದಲ್ಲೇ.

ಇನ್ನೊಂದು ಜೋಡಿ ಎ-ಎನ್-ಟಿ ಮತ್ತು ಇ-ಎನ್-ಟಿ. ಕನ್ನಡದ 'ಉವ' ಇದ್ದ ಹಾಗೆ, ಮಾಡುವ, ಓದುವ. 'ಕೇಷನ್' ಥರ ಎ ಇರುವ ಷನ್ ಬಂದರೆ ಎ: ಅಪ್ಲಿಕೇಷನ್, ಅಪ್ಲಿಕಂಟ್, ಪಾರ್ಟಿಸಿಪೇಷನ್, ಪಾರ್ಟಿಸಿಪಂಟ್. ಇಲ್ಲದಿದ್ದರೆ ಬಹುತೇಕ ಇ: ಸ್ಟೂಡೆಂಟ್, ಪ್ರೆಸಿಡೆಂಟ್, ಏಜೆಂಟ್. ಸಿ 'ಸ' ಆದರೆ, ಜಿ 'ಜ' ಆದರೆ ಇ: ಇನೊಸೆಂಟ್, ಇಂಟೆಲಿಜೆಂಟ್. 'ಕ', 'ಗ' ಆಗಿಯೇ ಉಳಿದರೆ ಎ: ಸಿಗ್ನಿಫಿಕಂಟ್, ಎಲಿಗಂಟ್. ಅನ್ಸ್ (ಎ-ಎನ್-ಸಿ-ಇ ಅಥವಾ ಇ-ಎನ್-ಸಿ-ಇ) ಅಂತ ಮುಗಿಯುವ ಪದಗಳಿಗೂ ಇದೇ ದಾರಿ. ರೆಫರ್, ಪ್ರಿಫರ್, ಡಿಫರ್ ಇವಕ್ಕೆ ಮಾತ್ರ ಯಾವಾಗಲೂ ಇ: ರೆಫರೆನ್ಸ್, ಪ್ರಿಫರೆನ್ಸ್, ಡಿಫರೆನ್ಸ್.

ಹೆಜ್ಜೆ 6: ಉಳಿದ ಬಾಲಗಳನ್ನು ಬೇಗ ಮುಗಿಸಿ

ಐ-ಟಿ-ವೈ ನಮ್ಮ 'ತ್ವ', 'ತೆ' ಇದ್ದ ಹಾಗೆ. ಎಬಿಲಿಟಿ, ಅಥಾರಿಟಿ. ಇದಕ್ಕೆ ಎದುರಾಗಿ ಇಂಗ್ಲಿಷಿನ ಸ್ವಂತ ಬಾಲ ಎನ್-ಇ-ಎಸ್-ಎಸ್, ನಮ್ಮ 'ತನ'. ಬಡತನ ಅನ್ನುತ್ತೇವೆ, 'ಬಡತ್ವ' ಅನ್ನುವುದಿಲ್ಲ ಅಲ್ವಾ? ಹಾಗೇ ಕೈಂಡ್‌ನೆಸ್ ಇದೆ, 'ಕೈಂಡಿಟಿ' ಇಲ್ಲ. ಮನೆಯ ಬಾಲಕ್ಕೆ ಅಷ್ಟು ಮಡಿ ಇಲ್ಲ. ವೀರತನ ಅನ್ನುತ್ತೇವೆ, ಅವರೂ ಸೀರಿಯಸ್‌ನೆಸ್ ಅನ್ನುತ್ತಾರೆ.

ಓ-ಯು-ಎಸ್ ಅಂದರೆ 'ತುಂಬಿದ', ಡೇಂಜರಸ್, ಫೇಮಸ್. ಇವು ವಿಶೇಷಣ. ಕ್ಯಾಂಪಸ್, ವೈರಸ್, ಸಿಲಬಸ್, ಬೋನಸ್ ಇವು ನಾಮಪದ, ಇಲ್ಲಿ ಓ ಬರುವುದಿಲ್ಲ.

ಎ-ಎಲ್ ಮತ್ತು ಎ-ಆರ್ ಎರಡೂ ಒಂದೇ ಬಾಲ, 'ಸಂಬಂಧಿಸಿದ' ಅಂತ ಅರ್ಥ. ಲೀಗಲ್, ನ್ಯಾಷನಲ್. ಒಡಲಿನಲ್ಲೇ ಎಲ್ ಇದ್ದರೆ ಎರಡೆರಡು ಎಲ್ ಬಾಯಿಗೆ ತೊಡಕು ಅಂತ ರೋಮಿನವರು ಎಷ್ಟೋ ಕಡೆ ಎ-ಆರ್ ಮಾಡಿಕೊಂಡರು. ಸೋಲಾರ್, ಲೂನಾರ್, ಪಾಪ್ಯುಲರ್, ರೆಗ್ಯುಲರ್.

ಎಂ-ಇ-ಎನ್-ಟಿ ಸಲೀಸು. ಒಡಲಿಗೆ ಹಾಗೇ ಅಂಟುತ್ತದೆ, ಒತ್ತನ್ನೂ ಸಾಮಾನ್ಯವಾಗಿ ಬದಲಾಯಿಸುವುದಿಲ್ಲ. ಪೇಮೆಂಟ್, ಗವರ್ನ್‌ಮೆಂಟ್. ಆರ್ಗ್ಯುಮೆಂಟ್‌ನಲ್ಲಿ ಮಾತ್ರ ನಡುವಿನ ಇ ಬಿದ್ದುಹೋಗುತ್ತದೆ.

ಎ-ಟಿ-ಇ ಕ್ರಿಯಾಪದವಾದರೆ 'ಏಟ್', ಇಲ್ಲದಿದ್ದರೆ ಸಾಮಾನ್ಯವಾಗಿ 'ಇಟ್'. ಸೆಪರೇಟ್ ಮಾಡು ಅನ್ನುವಾಗ ಏಟ್, ಸೆಪರಿಟ್ ರೂಮ್ ಅನ್ನುವಾಗ ಇಟ್. ಕ್ಯಾಂಡಿಡೇಟ್ ಪದದ ಕಥೆ ಚೆನ್ನಾಗಿದೆ. ಕ್ಯಾಂಡಿಡುಸ್ ಅಂದರೆ ಬಿಳಿ. ರೋಮ್‌ನಲ್ಲಿ ಚುನಾವಣೆಗೆ ನಿಂತವರು ಬೆಳ್ಳಗಿನ ಬಟ್ಟೆ ಉಟ್ಟು ಮತ ಕೇಳುತ್ತಿದ್ದರು. ನಮ್ಮ ಕಡೆಯೂ ಚುನಾವಣೆ ಬಂದರೆ ಬಿಳಿ ಖಾದಿಯೇ ಕಾಣುವುದು.

ಹೆಜ್ಜೆ 7: ಬಾಲದಂತೆ ಕಂಡದ್ದೆಲ್ಲ ಬಾಲವಲ್ಲ

ಟೇಬಲ್‌ನಲ್ಲಿ ಎ-ಬಿ-ಎಲ್-ಇ ಇದೆ, ಆದರೆ ಅದು 'ಆಗಬಲ್ಲ' ಅಲ್ಲ. ಲ್ಯಾಟಿನ್‌ನ ತಾಬುಲಾ, ಹಲಗೆ. ಲಯನ್‌ನ ಐ-ಓ-ಎನ್ ಕೂಡ ಬಾಲವಲ್ಲ. ಕಿತ್ತ ಮೇಲೆ ಉಳಿದದ್ದಕ್ಕೆ ಅರ್ಥ ಬರುತ್ತದಾ, ಅದೇ ಒಡಲು ಬೇರೆ ಪದದಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ ಬಿಟ್ಟುಬಿಡಿ. ಐ-ಎಸ್-ಟಿ, ಐ-ಎಸ್-ಎಂ ಹುಟ್ಟಿದ್ದು ಗ್ರೀಕ್‌ನಲ್ಲಿ. ಲ್ಯಾಟಿನ್ ಮೂಲಕ ಬಂದವು ಅನ್ನುವುದಷ್ಟೇ ಸಂಬಂಧ.

ಹೆಜ್ಜೆ 8: ದಿನಕ್ಕೆ ಒಂದು ಒಡಲು, ವಾರಕ್ಕೆ ಒಂದು ಕಾಗದ

ಒಂದು ಪುಟದ ನಡುವೆ ಆಕ್ಟ್ ಅಂತ ಬರೆಯಿರಿ. ಸುತ್ತಲೂ ಬಾಲ ಅಂಟಿಸುತ್ತಾ ಹೋಗಿ. ಆಕ್ಷನ್, ಆಕ್ಟರ್, ಆಕ್ಟಿವ್, ಆಕ್ಟಿವಿಟಿ, ಆಕ್ಟಿವೇಟ್, ಆಕ್ಟಿವೇಷನ್. ಒಡಲು ನೀಲಿ, ಬಾಲ ಕೆಂಪು. ಪ್ರತಿ ಪದಕ್ಕೂ ಒಂದು ಸಣ್ಣ ವಾಕ್ಯ ಮಾಡಿ. ದಿನಕ್ಕೆ ಇಪ್ಪತ್ತು ನಿಮಿಷ ಸಾಕು.

ವಾರಕ್ಕೊಮ್ಮೆ ಯಾವುದಾದರೂ ಕಚೇರಿ ಕಾಗದ ತೆಗೆದುಕೊಳ್ಳಿ. ಬ್ಯಾಂಕ್ ಫಾರ್ಮ್, ಪೇಪರಿನ ಜಾಹೀರಾತು, ಹಾಲ್ ಟಿಕೆಟ್, ಏನಾದರೂ ಸರಿ. ಬಾಲಗಳಿಗೆಲ್ಲ ಗೆರೆ ಎಳೆಯಿರಿ. ನನ್ನ ಕ್ಲಾಸಿನಲ್ಲಿ ನಾನು ಕೊಡುವುದು 2013ರ ಭೂಸ್ವಾಧೀನ ಕಾಯ್ದೆಯ ಇಂಗ್ಲಿಷ್ ಹೆಸರು: ರೈಟ್ ಟು ಫೇರ್ ಕಾಂಪೆನ್ಸೇಷನ್ ಅಂಡ್ ಟ್ರಾನ್ಸ್‌ಪರೆನ್ಸಿ ಇನ್ ಲ್ಯಾಂಡ್ ಅಕ್ವಿಝಿಷನ್, ರಿಹ್ಯಾಬಿಲಿಟೇಷನ್ ಅಂಡ್ ರಿಸೆಟಲ್‌ಮೆಂಟ್ ಆಕ್ಟ್. ನಮ್ಮ ಜಿಲ್ಲೆಯಲ್ಲಿ ಮುಳುಗಡೆ ಅನ್ನುವ ಮಾತು ಕೇಳದ ಮನೆ ಕಡಿಮೆ. ಹಾಗಾಗಿ ಆ ಹೆಸರಿನ ಪದಗಳು ಮಕ್ಕಳ ಕಿವಿಗೆ ಮೊದಲೇ ಬಿದ್ದಿರುತ್ತವೆ. ಒಂದೇ ಹೆಸರಿನಲ್ಲಿ ಲ್ಯಾಟಿನ್ ಬಾಲದ ಐದು ಪದಗಳಿವೆ.

ಕಾಂಪೆನ್ಸೇಷನ್: 'ಕಾಂ' ಜೊತೆಗೆ, 'ಪೆನ್ಸ್' ತೂಗು, 'ಏಷನ್' ವಿಕೆ. ಒಂದನ್ನು ಇನ್ನೊಂದರ ಎದುರು ತೂಗುವಿಕೆ. ಈ ಪದದೊಳಗೆ ಒಂದು ತಕ್ಕಡಿ ಇದೆ. ಒಂದು ತಟ್ಟೆಯಲ್ಲಿ ಕಳೆದುಕೊಂಡದ್ದು, ಇನ್ನೊಂದರಲ್ಲಿ ಕೊಟ್ಟದ್ದು.

ರಿಹ್ಯಾಬಿಲಿಟೇಷನ್: 'ರಿ' ಮತ್ತೆ, 'ಹ್ಯಾಬಿಲ್' ಸಮರ್ಥ, ಕೊನೆಗೆ ಮಾಡುವಿಕೆ. ಮತ್ತೆ ಸಮರ್ಥರನ್ನಾಗಿ ಮಾಡುವಿಕೆ. ಕನ್ನಡದಲ್ಲಿ ಪುನರ್ವಸತಿ ಅನ್ನುತ್ತೇವೆ. ನಮ್ಮ ಪದ ಮತ್ತೆ ವಾಸ ಮಾಡುವುದನ್ನು ಹೇಳುತ್ತದೆ. ಇಂಗ್ಲಿಷ್ ಪದ ಮನುಷ್ಯ ಮತ್ತೆ ತನ್ನ ಕಾಲ ಮೇಲೆ ನಿಲ್ಲುವುದನ್ನು ಹೇಳುತ್ತದೆ. ಪದ ಬಿಡಿಸಿ ನೋಡಿದರೆ ಇಷ್ಟು ಕಾಣುತ್ತದೆ.

ರಿಸೆಟಲ್‌ಮೆಂಟ್‌ನಲ್ಲಿ ಸೆಟಲ್ ಹಳೆಯ ಇಂಗ್ಲಿಷ್, ತಲೆ ಮತ್ತು ಬಾಲ ಎರಡೂ ಲ್ಯಾಟಿನ್. ಇನ್ನೊಬ್ಬ ಗುತ್ತಿಗೆದಾರ.

ಅಕ್ವಿಝಿಷನ್ ಮತ್ತು ಟ್ರಾನ್ಸ್‌ಪರೆನ್ಸಿ ನಿಮಗೆ ಬಿಟ್ಟಿದ್ದು. ಮೊದಲನೆಯದರಲ್ಲಿ ಅಕ್ವೈರ್ ಹೇಗೆ ಬದಲಾಯಿತು ನೋಡಿ, ಕೊಡು ಕೊಟ್ಟ ಆದದ್ದು ನೆನಪಿಡಿ. ಎರಡನೆಯದರಲ್ಲಿ 'ಟ್ರಾನ್ಸ್' ಅಂದರೆ ಆಚೆಗೆ, 'ಪರ್' ಅಂದರೆ ಕಾಣು. ಬಾಲದಲ್ಲಿ ಇರುವುದು ಎ-ನಾ, ಇ-ನಾ ಅಂತ ಮೊದಲು ನೀವೇ ಬರೆಯಿರಿ, ಆಮೇಲೆ ನಿಘಂಟು ತೆರೆಯಿರಿ.